ರೆಕ್ಕೆಯ ಮೇಲಿನ ಕಪ್ಪು ಪಟ್ಟೆ

ಶೆಡ್ಡಿನಿಂದ,
ಮಂಗಳವಾರ ಸಂಜೆ

ನನ್ನ ಮುದ್ದು ಅಮ್ಮಾ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ರೆಕ್ಕೆಯ ಸಮಾಚಾರ! ಗ್ಲೈಡರ್ ಎಂದೊಡನೆ ನೀನು ಫೋನ್ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಚಿಕ್ಕಮ್ಮನ ಕೈಗೆ ಕೊಟ್ಟು ಓದಿಸಬೇಡ, ಕನ್ನಡಕ ಹುಡುಕಿಕೊಂಡು ನೀನೇ ಓದು.

ನಮ್ಮ ಗ್ಲೈಡರ್ ಮಾರುವ ಮೊದಲು ರೆಕ್ಕೆಗೆ ಒಂದಿಷ್ಟು ಹೊಳಪು ಕೊಡು ಎಂದಿದ್ದೆಯಲ್ಲ, ನಾನು ಶುರು ಮಾಡಿದ್ದೂ ಅಷ್ಟಕ್ಕೇ. ಬಿರುಕುಬಿಟ್ಟ ಹಳೆಯ ಬಿಳಿ ಲೇಪವನ್ನು ಉಜ್ಜಿ ತೆಗೆದೆ. ನೀನು ಕಲಿಸಿದಂತೆ ಮೇಲೆಲ್ಲ ಕಪ್ಪು ಪುಡಿ ಸವರಿ, ಉದ್ದನೆಯ ಹಲಗೆಗೆ ಮರಳು ಕಾಗದ ಸುತ್ತಿ ಓರೆಯಾಗಿ ಎಳೆದೆ. ಉಬ್ಬಿದ ಕಡೆ ಕಪ್ಪು ಹೋಗಬೇಕು, ತಗ್ಗಿದ್ದ ಕಡೆ ಉಳಿಯಬೇಕು. ಉಳಿಯಿತು ನೋಡು! ರೆಕ್ಕೆಯ ಬುಡದಿಂದ ತುದಿಯವರೆಗೂ ಒಂದೇ ಕಪ್ಪು ಪಟ್ಟೆ. ಒಳಗಿನ ತೊಲೆಯ ಮೇಲೆ ಅಂಟು ವರ್ಷಾನುಗಟ್ಟಲೆ ಕುಗ್ಗಿ ತಗ್ಗು ಬಿದ್ದಿದೆ. ಇನ್ನೊಂದು ರೆಕ್ಕೆಯಲ್ಲೂ ಅದೇ ಕಥೆ. ನುಣ್ಣಗೆ ಹರಿಯಬೇಕಾದ ಗಾಳಿ ಅಲ್ಲಿ ಮುಗ್ಗರಿಸುತ್ತಿತ್ತು. ಎಂಜಿನ್ನೇ ಇಲ್ಲದ ವಿಮಾನ, ಬೇಗ ಕೆಳಗಿಳಿಯದೆ ಇನ್ನೇನು ಮಾಡೀತು?

ಅಮ್ಮಾ, ಆ ಪಟ್ಟೆ ಕಂಡು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಹೋದ ವರ್ಷ ನಾವಿಬ್ಬರೂ ರನ್‌ವೇ ಮುಟ್ಟಲಾಗದೆ ಹೊಲದಲ್ಲಿ ಇಳಿದಾಗ, "ನನ್ನ ಕೈ ಹೋಯ್ತು ಕಣೇ, ಇನ್ನು ಸಾಕು" ಅಂತ ಟೋಪಿ ಕಳಚಿಟ್ಟೆಯಲ್ಲ, ಆಮೇಲೆ ಹಾರಲೇ ಇಲ್ಲವಲ್ಲ! ನಿನ್ನ ಕೈ ಎಲ್ಲೂ ಹೋಗಿರಲಿಲ್ಲ. ಕೆಟ್ಟಿದ್ದು ರೆಕ್ಕೆ.

ತಗ್ಗಿಗೆ ಪುಟ್ಟಿ ಮೆತ್ತಿ, ಹೊಸ ಲೇಪ ಹಚ್ಚಿ, ನೀರು ಹಾಕಿಕೊಂಡು ಉಜ್ಜಿದೆ, ಉಜ್ಜಿದೆ, ಉಜ್ಜುತ್ತಲೇ ಇದ್ದೆ. ಭುಜ ಬಿದ್ದುಹೋಗಿದೆ, ಉಗುರೆಲ್ಲ ಬೆಳ್ಳಗಾಗಿದೆ. ಅಂಗೈಯಡಿ ತೆಳು ಬಟ್ಟೆ ಇಟ್ಟು ಕಣ್ಣು ಮುಚ್ಚಿ ಸವರುವ ನಿನ್ನ ಪರೀಕ್ಷೆಯನ್ನೂ ಮಾಡಿದೆ. ಎಲ್ಲೂ ತಡೆಯಲಿಲ್ಲ.

ಇವತ್ತು ಬೆಳಿಗ್ಗೆ ಹಾರಿದೆವು! ಮುಂದಿನ ಸೀಟಿನಲ್ಲಿ ನಮ್ಮ ಕೋಚ್ ಗೊಣಗಪ್ಪ, ಹಿಂದೆ ನಾನು. ಪಕ್ಕದಲ್ಲಿ ನಮ್ಮದರ ಅವಳಿಯಂತಿರುವ ಕ್ಲಬ್ಬಿನ ಗ್ಲೈಡರ್. ಒಂದೇ ಎತ್ತರದಿಂದ, ಒಂದೇ ವೇಗದಲ್ಲಿ, ಜೊತೆಜೊತೆಗೆ. ಯಾವಾಗಲೂ ಮೊದಲು ಕೆಳಗಿಳಿಯುತ್ತಿದ್ದುದು ನಾವೇ ತಾನೆ? ಇವತ್ತು ಎಡಕ್ಕೆ ತಿರುಗಿದರೆ ಅವರು ಕಾಣಲೇ ಇಲ್ಲ. ಎಲ್ಲಿ ಹೋದರಪ್ಪ ಎಂದು ಹುಡುಕಿದರೆ ನಮ್ಮ ಕೆಳಗಿದ್ದಾರೆ! ಜನ್ಮದಲ್ಲಿ ಯಾರನ್ನೂ ಹೊಗಳದ ಗೊಣಗಪ್ಪ, "ನಿಮ್ಮಮ್ಮ ಇದನ್ನ ನೋಡ್ಬೇಕಿತ್ತು" ಅಂದರು. ಮರುಕ್ಷಣವೇ ಸೀಟು ಗಟ್ಟಿ ಎಂದು ಗೊಣಗಿದರು.

ಭಾನುವಾರ ಕೊಳ್ಳುವವರು ಬರುವ ಮೊದಲು ಒಮ್ಮೆ ಬಂದು ರೆಕ್ಕೆ ಸವರಿ ನೋಡು. ಬೇರೇನೂ ಕೇಳುತ್ತಿಲ್ಲ.

ನಿನ್ನ,
ಬಿಳಿ ಉಗುರಿನ ಮಗಳು

ತಾ.ಕ.: ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಕೊಳ್ಳುವವರು ಭಾನುವಾರ ಬರುವುದಿಲ್ಲ. ನಿನ್ನೆಯೇ ಬಂದಿದ್ದರು, ರೆಕ್ಕೆ ಬಿಟ್ಟು ಕದಲಲೇ ಒಲ್ಲರು. ಮಾರುವುದಿಲ್ಲವೆಂದು ಹೇಳಿ ಕಳಿಸಿಬಿಟ್ಟೆ. ಬೈಯುವುದಿದ್ದರೆ ಮುಂದಿನ ಸೀಟಿನಲ್ಲಿ ಕೂತು, ಮೇಲೆ ಹೋದಮೇಲೆ ಬೈಯಿ. ಹಿಂದಿನ ಸೀಟಿನಿಂದ ನಾನೆಲ್ಲಿಗೂ ಓಡಿಹೋಗಲಾರೆ.