ಮಗು ಎಂದಿನ ಹಾಗಿದೆಯಾ?

ಫೆಬ್ರವರಿ ೯

ರೀ,

ನಾನು, ಅತ್ತೆ ಇಬ್ಬರೂ ಕ್ಷೇಮ. ನೀವೂ ಹಾಗೇ ಇದ್ದೀರಿ ಎಂದುಕೊಂಡಿದ್ದೇನೆ. ಬರೆಯುತ್ತೇನೆ ಬರೆಯುತ್ತೇನೆ ಎಂದು ಹೇಳಿ ಇಷ್ಟು ತಡ ಮಾಡಿದ್ದಕ್ಕೆ ಬೈದುಕೊಳ್ಳಬೇಡಿ. ವಾರಕ್ಕೊಮ್ಮೆ ಫೋನ್ ಮಾಡುವ ಗಂಡನಿಗೆ ಕಾಗದ ಬೇರೆ ಬರೆಯುತ್ತಾಳಲ್ಲ ಎಂದು ನಿಮ್ಮ ಜೊತೆಯ ವೆಲ್ಡರುಗಳು ನಗಬಹುದು. ನಗಲಿ ಬಿಡಿ. ಫೋನಿನಲ್ಲಿ ಮಗಳ ಮಾತು ಬಂದ ಕೂಡಲೇ ನಿಮ್ಮ ಸೇತುವೆಯ ಮೇಲೆ ಗಾಳಿ ಜೋರಾಗುತ್ತದೆ, ಇಲ್ಲವೇ ಮೇಸ್ತ್ರಿ ಕರೆಯುತ್ತಾನೆ, ಅದೂ ಇಲ್ಲದಿದ್ದರೆ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ತಾಪತ್ರಯವಿಲ್ಲ. ಇವತ್ತು ಅರ್ಧ ಓದಿ ಮಡಚಿಟ್ಟರೂ ಉಳಿದರ್ಧ ನಿಮಗಾಗಿ ಕಾದಿರುತ್ತದೆ.

ಮನೆಯ ಸುದ್ದಿ ಮೊದಲು. ಲಿಫ್ಟ್ ಮತ್ತೆ ಕೆಟ್ಟಿದೆ. ಅತ್ತೆ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತು, ಹೋಗಿಬರುವವರಿಗೆಲ್ಲ ಕೇಳಿಸುವ ಹಾಗೆ, "ನನ್ನ ಮಗ ಸಮುದ್ರದ ಮೇಲೆ ಸೇತುವೆ ಕಟ್ತಾನೆ, ನಂಗೆ ಮಾತ್ರ ನನ್ನ ಮನೆ ಸೇರೋಕೆ ದಾರಿ ಇಲ್ಲ" ಎನ್ನುತ್ತಾರೆ. ಮಂಡಿನೋವು ಇದ್ದೇ ಇದೆ. ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸವೂ ಹಾಗೇ ಸಾಗಿದೆ, ಗಾಜು ಉಜ್ಜುವುದು, ಫ್ರೇಮಿಗೆ ಕೂರಿಸುವುದು, ಮೂಗಿಗೆ ಸರಿಯಾಗಿ ಕೂರುವವರೆಗೂ ತಿದ್ದುವುದು.

ಈಗ ಹೇಳಬೇಕಾದ ವಿಷಯ. ಹೋದ ತಿಂಗಳು ಮಕ್ಕಳ ಆಸ್ಪತ್ರೆಯಿಂದ ಫೋನ್ ಬಂತು. ಹೌದು, ಅದೇ ಆಸ್ಪತ್ರೆ. ಹೆಸರು ಕೇಳಿದ ಕೂಡಲೇ ಫೋನ್ ಇಟ್ಟುಬಿಡೋಣ ಎನ್ನಿಸಿತು. ಫೋನ್ ಮಾಡಿದವರು ಒಬ್ಬ ಮಹಿಳಾ ಡಾಕ್ಟರ್, ನಮ್ಮ ಮಗಳು ಅಲ್ಲಿದ್ದಾಗ ಅವರು ಇನ್ನೂ ಬಂದಿರಲಿಲ್ಲ. ಅವರೊಂದು ಸಂಶೋಧನೆ ನಡೆಸುತ್ತಿದ್ದಾರೆ. ವಾರ್ಡಿನಲ್ಲಿರುವ ಮಗು ಹದಗೆಡುವುದು ಯಂತ್ರಕ್ಕಿಂತ ಮೊದಲು ಹೆತ್ತವರಿಗೆ ಗೊತ್ತಾಗುತ್ತದೆಯೇ? ಜ್ವರ, ನಾಡಿ, ಉಸಿರು ಬರೆದುಕೊಳ್ಳುವ ಹಾಗೆ ಹೆತ್ತವರ ಮಾತನ್ನೂ ಕೇಳಿ ಬರೆದುಕೊಂಡರೆ ಮಕ್ಕಳು ಉಳಿಯುತ್ತಾರೆಯೇ? ಇದಕ್ಕೆ ಮಕ್ಕಳನ್ನು ಕಳೆದುಕೊಂಡ ಕೆಲವರ ಸಹಾಯ ಬೇಕಂತೆ. "ಬರಲೇಬೇಕು ಅಂತಿಲ್ಲಮ್ಮ. ಬೇಡ ಅಂದ್ರೆ ಇನ್ನೊಂದು ಸಲ ಫೋನ್ ಮಾಡಿ ಕಾಡೋದಿಲ್ಲ" ಎಂದರು.

ಅತ್ತೆಗೆ ಹೇಳಿದೆ. "ಆ ಮೆಟ್ಟಿಲು ಮತ್ತೆ ತುಳೀತೀಯಾ?" ಎಂದು ಮುಖ ತಿರುಗಿಸಿಕೊಂಡರು. ಮರುದಿನ ನನ್ನ ಒಳ್ಳೆ ಸೀರೆಗೆ ಅವರೇ ಇಸ್ತ್ರಿ ಮಾಡಿಟ್ಟಿದ್ದರು.

ಹೋದೆ. ಮೇಲಿನ ಮಹಡಿಯ ಸಣ್ಣ ಕೋಣೆ, ಉದ್ದ ಮೇಜು, ಕಿಟಕಿಯಿಂದ ಆಂಬುಲೆನ್ಸ್ ನಿಲ್ಲುವ ಜಾಗ ಕಾಣುತ್ತದೆ. ಡಾಕ್ಟರಮ್ಮನ ಕನ್ನಡಕ ಎಡಕ್ಕೆ ವಾಲಿತ್ತು, ನೋಡಿ ನೋಡಿ ನನ್ನ ಕೈ ತುರಿಸುತ್ತಿತ್ತು. ನನ್ನ ಪಕ್ಕದಲ್ಲಿ ಒಬ್ಬ ಬಸ್ ಕಂಡಕ್ಟರ್, ಅವನಿಗಿದ್ದ ಒಬ್ಬನೇ ಮಗ ಹೋದನಂತೆ. ಒಬ್ಬೊಬ್ಬರೂ ನಡೆದದ್ದನ್ನು ಹೇಳಬೇಕಿತ್ತು. ನಾನೂ ಹೇಳಿದೆ.

ನಮ್ಮ ಮಗಳನ್ನು ಮನೆಯಲ್ಲಿ ರೇಡಿಯೋ ಅಂತ ಕರೀತಿದ್ದೆವು ಅಂದೆ. ಎದ್ದಾಗಿಂದ ಮಲಗುವವರೆಗೂ ಮಾತು, ಬಾಯಲ್ಲಿ ತುತ್ತಿದ್ದರೂ ಮಾತು, ಜ್ವರ ಸುಡುತ್ತಿದ್ದಾಗಲೂ ಡ್ರಿಪ್ಪಿನ ಸೂಜಿಯ ಜೊತೆ ಜಗಳ ಅಂದೆ. ಆ ಮಧ್ಯಾಹ್ನ ಜ್ವರ ಇಳಿಯಿತು, ಎಲ್ಲರೂ ಒಳ್ಳೆಯದಾಯಿತು ಎಂದರು. ಅವಳು ಮಾತ್ರ ಮಾತು ನಿಲ್ಲಿಸಿದಳು. ಕರೆದರೆ ಕಣ್ಣು ಬಿಡುತ್ತಿದ್ದಳು, ನನ್ನನ್ನು ದಾಟಿ ಎಲ್ಲೋ ನೋಡುತ್ತಿದ್ದಳು. ಸಿಸ್ಟರಿಗೆ ಹೇಳಿದೆ, "ಇವಳು ಎಂದಿನ ಹಾಗಿಲ್ಲ." ಅವರು ಯಂತ್ರ ನೋಡಿ, "ಜ್ವರ ಬಿಟ್ಟ ಮಕ್ಕಳು ಹೀಗೇ ಮಲಗ್ತಾರಮ್ಮ, ಎಲ್ಲಾ ಸರಿ ಇದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದೆ. ಮತ್ತೆ ಅದೇ ಉತ್ತರ. ಸೋಂಕು ರಕ್ತಕ್ಕೆ ಏರಿದೆ ಎಂದು ಅವರಿಗೆ ಗೊತ್ತಾಗುವಷ್ಟರಲ್ಲಿ ಕೈಮೀರಿ ಹೋಗಿತ್ತು.

"ಆಮೇಲೆ ಯಾಕೆ ಮತ್ತೆ ಹೇಳಲಿಲ್ಲ?" ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದರು. ಕಂಡಕ್ಟರ್ ರೇಗಿಬಿಟ್ಟ. "ಅವರನ್ನ ಯಾಕ್ರೀ ಕೇಳ್ತೀರಾ? ಹೇಳಿದ್ದನ್ನೇ ಎಷ್ಟು ಸಲ ಹೇಳ್ಬೇಕು?" ನಾನು, ಸಂಕೋಚವಾಯಿತು ಎಂದೆ. ಅಷ್ಟೇ ಹೇಳಿದೆ.

ಸಿಸ್ಟರುಗಳು ಹೆತ್ತವರನ್ನು ಕೇಳಬೇಕಾದ ಪ್ರಶ್ನೆಯನ್ನು ಡಾಕ್ಟರಮ್ಮ ಬರೆದು ತಂದಿದ್ದರು: "ನಿಮ್ಮ ಮಗುವಿನ ಸ್ಥಿತಿಯು ಕ್ಷೀಣಿಸುತ್ತಿರುವುದಾಗಿ ನೀವು ಭಾವಿಸುವಿರಾ?" ಕಂಡಕ್ಟರ್, "ಇದನ್ನ ಕೇಳಿದ್ರೆ ನಾನು ಎಲ್ಲಿಗೆ ಟಿಕೆಟ್ ಅಂತೀನಿ" ಎಂದ. ಅಂಥ ಕೋಣೆಯಲ್ಲೂ ನಗು ಬಂತು ಕಣ್ರೀ. ಡಾಕ್ಟರಮ್ಮನೇ ಮೊದಲು ನಕ್ಕರು. ಆಮೇಲೆ ಎಲ್ಲರೂ ಸೇರಿ ತಲೆ ಕೆಡಿಸಿಕೊಂಡೆವು. ಹುಷಾರಾಗಿದೆಯಾ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಭಯ ಇದೆಯಾ ಎಂದರೆ ಯಾರಿಗಿಲ್ಲ? ಕೊನೆಗೆ ಡಾಕ್ಟರಮ್ಮ ನನ್ನ ಕಡೆ ನೋಡಿ, "ನೀವು ಸಿಸ್ಟರಿಗೆ ಏನಂದ್ರಿ? ಎಂದಿನ ಹಾಗಿಲ್ಲ ಅಂದ್ರಿ ಅಲ್ವಾ?" ಎಂದು ಕೇಳಿ, ಹಲಗೆಯ ಮೇಲೆ ಬರೆದರು: ಮಗು ಎಂದಿನ ಹಾಗಿದೆಯಾ?

ಹೊರಡುವಾಗ ಅವರ ಕನ್ನಡಕ ಕೇಳಿ ತೆಗೆದುಕೊಂಡು, ಸರಿ ಮಾಡಿ ಕೊಟ್ಟೆ. ತಡೆಯಲಾಗಲಿಲ್ಲ.

ಬಿಸಿಲಿನಲ್ಲಿ ಟೋಪಿ ಹಾಕಿಕೊಳ್ಳಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ.

ನಿಮ್ಮವಳು


ಜುಲೈ ೨೧

ರೀ,

ನಿಮ್ಮಿಂದ ಕಾಗದ ಬರುವುದಿಲ್ಲ ಎಂದು ಗೊತ್ತಿದ್ದೂ ಕೆಳಗಿನ ಅಂಚೆಪೆಟ್ಟಿಗೆ ನೋಡಿಕೊಂಡೇ ಮೇಲೆ ಬರುತ್ತೇನೆ. ಫೋನಿನಲ್ಲಿ ನೀವು "ಬಂತು, ಓದಿದೆ" ಎಂದಿರಿ. ಅಷ್ಟಾದರೂ ಹೇಳಿದಿರಲ್ಲ. ಕೂಡಲೇ ಗಾಳಿ ಬೀಸಿತು, ಅದು ಬೇರೆ ವಿಷಯ.

ವಾರದ ರಜೆಯ ದಿನ ಈಗ ನಾನು ವಾರ್ಡಿನಲ್ಲಿರುತ್ತೇನೆ. ಸಿಸ್ಟರುಗಳು ಯಾಕೆ ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ, ಉತ್ತರ ಹೇಳಲು ನಾಚಿಕೊಳ್ಳಬಾರದು ಎಂದು ಹೆತ್ತವರಿಗೆ ತಿಳಿಸುವುದು ನನ್ನ ಕೆಲಸ. ಮೊದಲ ದಿನ ಬಾಗಿಲಲ್ಲೇ ಕಾಲು ಕಿತ್ತಿಡಲಾಗಲಿಲ್ಲ. ಆ ಔಷಧಿ ವಾಸನೆ, ಆ ಟಿಕ್ ಟಿಕ್ ಸದ್ದು. ಅಷ್ಟರಲ್ಲಿ ಒಬ್ಬ ಸಿಸ್ಟರ್ ಎದುರಿಗೆ ಬಂದು ನಿಂತರು. ಅವತ್ತು ಎಲ್ಲಾ ಸರಿ ಇದೆ ಎಂದವರು, ಅವರೇ. ಕೂದಲು ಸಾಕಷ್ಟು ಬೆಳ್ಳಗಾಗಿದೆ. "ನೀವು ಕಿಟಕಿ ಪಕ್ಕದ ಮಂಚದ ತಾಯಿ ಅಲ್ವಾ?" ಎಂದರು. ನಾನು ಹೌದೆಂದೆ. "ಆ ಮಂಚದ ಹತ್ರ ಬಂದ್ರೆ ಈಗಲೂ ನನ್ನ ಕಾಲು ತಡೆಯುತ್ತಮ್ಮ." ಇಷ್ಟು ಹೇಳಿ, ಕೈಯಲ್ಲಿದ್ದ ಟ್ರೇ ಹಿಡಿದುಕೊಂಡು ಹೋಗಿಬಿಟ್ಟರು. ಅವರನ್ನು ಕಂಡರೆ ಬಾಯಿಗೆ ಬಂದ ಹಾಗೆ ಬೈಯಬೇಕೆಂದು ಎಷ್ಟು ದಿನದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಅದನ್ನೆಲ್ಲ ಹಾಗೇ ಇಟ್ಟುಕೊಂಡು ಅವರ ಹಿಂದೆಯೇ ಒಳಗೆ ಹೋದೆ.

ಹೋದ ವಾರದ ಸಂಗತಿ ಹೇಳುತ್ತೇನೆ. ಒಬ್ಬ ಅಜ್ಜ ಮೊಮ್ಮಗಳನ್ನು ನೋಡಿಕೊಳ್ಳುತ್ತಿದ್ದರು, ಮಗಳು ಕಾರ್ಖಾನೆಗೆ ಹೋಗಿದ್ದಳು. ಗಡಿಯಾರ ರಿಪೇರಿ ಮಾಡುವವರು, ದೊಡ್ಡ ಬಿಳಿ ಮೀಸೆ. ಆ ಸಿಸ್ಟರ್ ಬಂದು, "ಅಜ್ಜಾ, ಮಗು ಎಂದಿನ ಹಾಗಿದೆಯಾ?" ಎಂದರು.

"ನಂಗೇನ್ ಗೊತ್ತಾಗುತ್ತಮ್ಮ, ಅವಳಮ್ಮ ಸಂಜೆ ಬರ್ತಾಳೆ, ಅವಳನ್ನೇ ಕೇಳು."

"ಅವರನ್ನ ಸಂಜೆ ಕೇಳ್ತೀನಿ. ಈಗ ನೀವು ಹೇಳಿ."

ಅಜ್ಜ ಮಗುವನ್ನು ನೋಡಿದರು, ನನ್ನನ್ನು ನೋಡಿದರು. "ಹೇಳಿದ್ರೆ ನಗ್ತೀರ. ಬೆಳಗ್ಗೆಯಿಂದ ಇವಳು ನನ್ನ ಮೀಸೆ ಎಳೆದಿಲ್ಲ."

ಯಾರೂ ನಗಲಿಲ್ಲ. ಯಂತ್ರದಲ್ಲಿ ಎಲ್ಲ ಅಂಕಿಯೂ ಸರಿಯಾಗಿತ್ತು. ಸಿಸ್ಟರ್ ಅದನ್ನು ನೋಡಿದರು, ಮಗುವಿನ ಅಂಗಾಲು ಮುಟ್ಟಿದರು, ಓಡುನಡಿಗೆಯಲ್ಲಿ ಹೋಗಿ ಡಾಕ್ಟರನ್ನು ಕರೆತಂದರು. ರಕ್ತ ತೆಗೆದರು, ಔಷಧಿ ಬದಲಿಸಿದರು, ಕೆಳಗಿನ ತೀವ್ರ ನಿಗಾ ಘಟಕಕ್ಕೆ ಸಾಗಿಸಿದರು. ಯಂತ್ರ ಕೂಗಿದ್ದು ಅಲ್ಲಿಗೆ ಹೋದ ಮೇಲಂತೆ. ಅಜ್ಜ ಖಾಲಿ ಮಂಚದ ಪಕ್ಕ, "ನಾನೇನಾದ್ರೂ ತಪ್ಪು ಹೇಳಿದ್ನಾ?" ಎಂದು ನನ್ನ ಕೈ ಹಿಡಿದುಕೊಂಡರು.

ಇವತ್ತು ಹೋದಾಗ ಆ ಮಗು ವಾರ್ಡಿಗೆ ಮರಳಿತ್ತು. ಅಜ್ಜನ ಮೀಸೆಯ ಒಂದು ಪಕ್ಕ ಅದರ ಮುಷ್ಟಿಯಲ್ಲಿತ್ತು, ಅಜ್ಜ ನೋವಿನಿಂದ ಮುಖ ಕಿವುಚಿಕೊಂಡು ನಗುತ್ತಿದ್ದರು.

ನನಗೆ ಸಂತೋಷವಾಯಿತೇ? ಆಯಿತು. ಆದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಅದು ಸಂತೋಷದ ಅಳು ಅಲ್ಲ. ಹೊಟ್ಟೆಕಿಚ್ಚು. ಹಾಲುಗಲ್ಲದ ಮಗುವಿನ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ನಾನು. ನಿಮಗಲ್ಲದೆ ಯಾರಿಗೆ ಹೇಳಲಿ?

ಊಟ ಸರಿಯಾಗಿ ಮಾಡಿ. ಹೋದ ಸಲ ಕಳಿಸಿದ ಫೋಟೋದಲ್ಲಿ ಕುತ್ತಿಗೆಯ ಮೂಳೆ ಎಣಿಸುವ ಹಾಗಿದ್ದೀರಿ. ಅತ್ತೆಗೆ ಆ ಫೋಟೋ ತೋರಿಸಲಿಲ್ಲ.

ನಿಮ್ಮವಳು


ಮಾರ್ಚ್ ೩

ರೀ,

ಬಹಳ ತಿಂಗಳಾಯಿತು, ಕ್ಷಮಿಸಿ. ಬರೆಯಲು ಸುದ್ದಿ ಇರಲಿಲ್ಲ ಎಂದಲ್ಲ, ಮನಸ್ಸು ಕೂರಲಿಲ್ಲ. ನೀವು ಈ ವರ್ಷವೂ ರಜೆಗೆ ಬರುವುದಿಲ್ಲ ಎಂದಾಗ ಅತ್ತೆ ಟಿವಿಯ ಸದ್ದು ಎರಡರಷ್ಟು ಮಾಡಿದರು.

ನಿನ್ನೆ ಸಂಶೋಧನೆಯ ಫಲ ಹೇಳುವ ಸಭೆ ಇತ್ತು. ಬೇರೆ ಬೇರೆ ಆಸ್ಪತ್ರೆಗಳಿಂದ ಡಾಕ್ಟರುಗಳು ಬಂದಿದ್ದರು. ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಕಂಡಕ್ಟರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಕುರ್ಚಿಯ ತುದಿಯಲ್ಲೇ ಕೂತಿದ್ದ. ಡಾಕ್ಟರಮ್ಮ ಪರದೆಯ ಮೇಲೆ ಗೆರೆಗಳನ್ನು ತೋರಿಸಿ ಬಿಡಿಸಿ ಹೇಳಿದರು. ಹೆತ್ತವರು "ಇಲ್ಲ, ಎಂದಿನ ಹಾಗಿಲ್ಲ" ಎಂದ ಮಕ್ಕಳಲ್ಲಿ ತೀವ್ರ ನಿಗಾ ಘಟಕಕ್ಕೆ ಹೋಗಬೇಕಾದವರು ಉಳಿದವರಿಗಿಂತ ಎಷ್ಟೋ ಹೆಚ್ಚು. ಅನೇಕ ಸಲ ಹೆತ್ತವರ ಮಾತು ಯಂತ್ರಕ್ಕಿಂತ ಮುಂಚೆಯೇ ಬಂದಿತ್ತು. ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಡಾಕ್ಟರ್ ಎದ್ದು, "ತಾಯಂದಿರು ಸುಮ್ಸುಮ್ನೆ ಗಾಬರಿ ಆಗೋದೂ ಉಂಟಲ್ಲ?" ಎಂದರು. "ಉಂಟು ಸಾರ್. ಎಷ್ಟೋ ಸಲ ಹೋಗಿ ನೋಡಿದ್ರೆ ಏನೂ ಇರಲಿಲ್ಲ. ಹೋಗಿ ನೋಡಿದ್ದರಿಂದ ನಷ್ಟ ಏನಾಯ್ತು?" ಎಂದರು ನಮ್ಮ ಡಾಕ್ಟರಮ್ಮ. ಆ ಹಿರಿಯರು ತಲೆದೂಗಿ ಕೂತರು.

ಇನ್ನು ಮುಂದೆ ಆ ಪ್ರಶ್ನೆ ಎಲ್ಲ ವಾರ್ಡುಗಳಲ್ಲೂ ಇರುತ್ತದಂತೆ. ಜ್ವರ ನೋಡುವ ಹಾಗೆ ಅದನ್ನೂ ಕೇಳಲೇಬೇಕು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಂಡಕ್ಟರ್ ತಟ್ಟಲಿಲ್ಲ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ನಾನು ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ. ನೀವು ಪಕ್ಕದಲ್ಲಿ ಇರಬೇಕಿತ್ತು ಎನ್ನಿಸಿತು.

ಸಭೆ ಮುಗಿದ ಮೇಲೆ ಡಾಕ್ಟರಮ್ಮನನ್ನು ಒಬ್ಬರೇ ಇದ್ದಾಗ ಹಿಡಿದೆ. ನಮ್ಮ ಮಗಳ ಹಳೆಯ ಕಾಗದಪತ್ರಗಳನ್ನೂ ಅವರು ಓದಿದ್ದಾರೆ. ಒಂದು ಮಾತು ಕೇಳಿದೆ, ಅವರು ಉತ್ತರ ಹೇಳಿದರು. ಆಮೇಲೆ ಬಸ್ಸು ಹಿಡಿದು ಮನೆಗೆ ಬಂದೆ.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಹಾಗಾದ್ರೆ ನಮ್ಮ ಮಗು ಮಾತು ನಿಲ್ಲಿಸಿದ್ದನ್ನ ಈಗ ಡಾಕ್ಟರೆಲ್ಲಾ ಓದ್ತಾರೆ ಅನ್ನು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಟಿವಿ ತಾವಾಗಿಯೇ ಆರಿಸಿದರು. ನಿಮಗೆ ದೀರ್ಘಾಯುಸ್ಸು ಹಾರೈಸಿದ್ದಾರೆ. ಎತ್ತರದಲ್ಲಿ ನಿಂತು ಕೆಲಸ ಮಾಡುವಾಗ ಸೊಂಟದ ಬೆಲ್ಟ್ ಬಿಗಿದುಕೊಳ್ಳಬೇಕಂತೆ. ನನ್ನ ಹಾರೈಕೆಯೂ ಅದೇ. ಚೆನ್ನಾಗಿರಿ.

ನಿಮ್ಮವಳು

ತಾ.ಕ.: ನಾನು ಕೇಳಿದ್ದು ಏನೆಂದು ನಿಮಗೆ ತಿಳಿದೇ ಇರುತ್ತದೆ. ಆ ಮಧ್ಯಾಹ್ನವೇ ಡಾಕ್ಟರು ಬಂದು ನೋಡಿದ್ದರೆ ಅವಳು ಉಳಿಯುತ್ತಿದ್ದಳಾ? ಡಾಕ್ಟರಮ್ಮ ಕನ್ನಡಕ ತೆಗೆದು, "ಖಚಿತವಾಗಿ ಯಾರೂ ಹೇಳೋಕಾಗಲ್ಲ. ಆದರೆ ನಿಮಗೆ ನಾನು ಸುಳ್ಳು ಹೇಳಲ್ಲ. ಸಮಯ ಇತ್ತು" ಎಂದರು. ಏನು ಮಾಡಿದ್ದರೂ ಅವಳು ಉಳಿಯುತ್ತಿರಲಿಲ್ಲವಂತೆ ಎಂದು ನಿಮಗೆ ಬರೆಯೋಣವೆಂದು ಬಸ್ಸಿನಲ್ಲಿ ಅಂದುಕೊಂಡೆ. ಬರೆದೂ ನೋಡಿದೆ, ಹರಿದು ಹಾಕಿದೆ. ಸುಳ್ಳು ನಂಬಿ ನೀವು ಮನೆಗೆ ಬಂದರೆ, ಆ ಸುಳ್ಳನ್ನು ನಾನು ಜೀವಮಾನವಿಡೀ ಕಾಯಬೇಕಾಗುತ್ತದೆ. ಮೂರನೇ ಸಲ ಸಿಸ್ಟರನ್ನು ಕರೆಯಲು ನಾನು ಎದ್ದಿದ್ದೆ. ನೀವು ನನ್ನ ಕೈ ಹಿಡಿದು ಕೂರಿಸಿದಿರಿ. "ಸುಮ್ನಿರೇ, ಅವರಿಗೆ ಗೊತ್ತಿಲ್ವಾ? ಮಗು ಮಲಗ್ಲಿ" ಎಂದಿರಿ. ಅದನ್ನು ನಾನು ಅತ್ತೆಗೂ ಹೇಳಿಲ್ಲ, ಆ ಕೋಣೆಯಲ್ಲೂ ಹೇಳಲಿಲ್ಲ. ನೀವು ಆ ಮಾತಿನಿಂದ ಓಡಿ ಓಡಿ ಸಮುದ್ರದವರೆಗೂ ಹೋಗಿದ್ದೀರಿ. ನನಗೆ ಸಿಟ್ಟಿಲ್ಲ ಎಂದು ಹೇಳಲಾರೆ. ಇದೆ, ಬಹುಶಃ ಇದ್ದೇ ಇರುತ್ತದೆ. ಆದರೆ ಅವಳನ್ನು ರಾತ್ರಿಯೆಲ್ಲ ಹೆಗಲ ಮೇಲೆ ಹಾಕಿಕೊಂಡು ತಿರುಗಿದವರೂ ನೀವೇ. ಅವಳ ದನಿ ಹೇಗಿತ್ತೆಂದು ಮರೆತುಹೋಗುತ್ತಿದೆ ಕಣ್ರೀ. ನೆನಪು ಮಾಡಿಕೊಡಲು ನಿಮ್ಮನ್ನು ಬಿಟ್ಟರೆ ನನಗೆ ಯಾರಿದ್ದಾರೆ? ಬನ್ನಿ.