ಎಣಿಸದ ಅಂಕ

ಈ ದಿನಚರಿಯ ಮಂಗಳವಾರದ ಬರಹದಲ್ಲಿ ಒಂದು ತಪ್ಪಿದೆ. ವಿಶ್ವವಿದ್ಯಾಲಯದವರು ನಡೆಸಿದ ನೆನಪಿನ ಪರೀಕ್ಷೆಯಲ್ಲಿ, ನನ್ನ ವಯಸ್ಸಿನವರ ಪೈಕಿ ನನ್ನದೇ ಅತಿ ಕಡಿಮೆ ಅಂಕ ಎಂದು ಬರೆದಿದ್ದೆ. ಆ ಫಲಿತಾಂಶ ಕಟ್ಟುಕಥೆಯಂತೆ. ಹಾಗೆಂದು ಇಂದು ಸಂಶೋಧಕಿ ಲಿಂಡ್‌ಕ್ವಿಸ್ಟ್ ತಾವೇ ಕರೆಸಿ ತಿಳಿಸಿದರು.

"ಕ್ಷಮಿಸಿ, ಮಿಸ್ಟರ್ ಹಾಲ್ವರ್ಸನ್. ಕಡಿಮೆ ಅಂಕ ಬಂತು ಅಂದ್ರೆ ವಯಸ್ಸಾದವರು ಹೇಗೆ ತಗೋತಾರೆ ಅಂತ ನೋಡ್ಬೇಕಿತ್ತು. ಮೊದ್ಲೇ ಹೇಳಿದ್ರೆ ಪ್ರಯೋಗವೇ ಕೆಡ್ತಿತ್ತು."

"ಹಾಗಾದ್ರೆ ನನ್ನ ನಿಜವಾದ ಅಂಕ ಎಷ್ಟು?"

"ಅದನ್ನ ನಾವು ಎಣಿಸೇ ಇಲ್ಲ."

ಮೂವತ್ತೆಂಟು ವರ್ಷ ಪಾಠ ಹೇಳಿದವನು ನಾನು. ಓದದ ಉತ್ತರಪತ್ರಿಕೆಗೆ ಒಮ್ಮೆಯೂ ಅಂಕ ಕೊಟ್ಟವನಲ್ಲ. ನನ್ನ ಉತ್ತರಗಳನ್ನು ಬಳಸಿಕೊಳ್ಳಲು ಅನುಮತಿ ಕೋರುವ ಇನ್ನೊಂದು ಕಾಗದವನ್ನು ಅವರು ಮುಂದಿಟ್ಟರು. ಸಹಿ ಹಾಕದೆ ಎದ್ದು ಬಂದೆ. ಮೊದಲು ಸುಳ್ಳು ಹೇಳಿದವರು ಈಗ ಸತ್ಯವನ್ನೇ ಹೇಳುತ್ತಿದ್ದಾರೆ ಎಂಬುದಕ್ಕೆ ಆಧಾರವೇನು? ಮುದುಕನನ್ನು ನೋಯಿಸಬಾರದೆಂಬ ಕರುಣೆಯಿಂದ ಎರಡನೆಯ ಸುಳ್ಳು ಹೇಳಿರಬಾರದೇಕೆ?

ಇಂಥ ನೆನಪಿಟ್ಟುಕೊಂಡು ಕಾರು ಓಡಿಸಬಾರದೆಂದು ಮಂಗಳವಾರ ನಾನಾಗಿಯೇ ಬಿಟ್ಟುಕೊಟ್ಟಿದ್ದ ಕೀಲಿಯನ್ನು ನನ್ನ ಹೆಂಡತಿ ವೆರ್ನಾ ಇಂದು ಸಂಜೆ ಮೇಜಿನ ಮೇಲೆ ತಂದಿಟ್ಟಳು.

"ತಗೋ ಮಾಸ್ತರೇ, ಭಾನುವಾರ ಚರ್ಚಿಗೆ ನೀನೇ ಓಡ್ಸು. ಮೂರು ದಿನದಿಂದ ಪಕ್ಕದ ಸೀಟಲ್ಲಿ ಕೂತು ನಂಗೆ ಬ್ರೇಕಿನ ಪಾಠ ಹೇಳಿದ್ದು ಸಾಕು."

ನಕ್ಕೆ. ಆದರೆ ಒಂದು ಯೋಚನೆ ಬಿಡುತ್ತಿಲ್ಲ. ಮಂಗಳವಾರ ಆ ಅಂಕವನ್ನು ತಿಳಿಸಿ ಕೀಲಿಯನ್ನು ಮುಂದೆ ಹಿಡಿದಾಗ, ಎಲ್ಲದಕ್ಕೂ ವಾದ ಹೂಡುವ ವೆರ್ನಾ ಒಂದು ಮಾತನ್ನೂ ಆಡಲಿಲ್ಲ. ಸುಮ್ಮನೆ ಕೈ ಚಾಚಿ ತೆಗೆದುಕೊಂಡಳು.

ಶುಕ್ರವಾರ, 18 ಅಕ್ಟೋಬರ್ 2019, ರಾತ್ರಿ 9 ಗಂಟೆ 42 ನಿಮಿಷ.