ಮಳೆಯ ನೀರು, ಗೋಣಿಯ ನೀರು

ಸಣ್ಣ ವ್ಯಾಪಾರಿಗಳಿಗೆ ವಿದ್ಯುತ್ ಬೈಕು ಹಂಚಿದ ಮಾನ್ಯ ಅಧಿಕಾರಿಗಳೇ,

ಸವಣೂರಿನ ವೀಳ್ಯದೆಲೆ ವ್ಯಾಪಾರಿ ಖಲಂದರ ಅವರಿಗೆ ನೀವು ಕೊಟ್ಟ ಬೈಕು ಮೊದಲ ದೊಡ್ಡ ಮಳೆಗೇ ಕೆಟ್ಟು ನಿಂತಿತು. ರಿಪೇರಿ ಮಾಡಿಸಿಕೊಡಿ ಎಂದು ಕೇಳಿದ್ದಕ್ಕೆ ನೀವು ‘ವಾಹನದ ದುರ್ಬಳಕೆ’ ಎಂದು ಷರಾ ಬರೆದು, ಈ ತಿಂಗಳ ಕೊನೆಗೆ ಬೈಕನ್ನೇ ವಾಪಸ್ಸು ಪಡೆಯುವುದಾಗಿ ತಿಳಿಸಿದ್ದೀರಿ. ಖಲಂದರ ನನ್ನ ತಂದೆ. ಅಂದು ಅವರ ಜೊತೆ ಬಂದು ನಿಮ್ಮ ಕಚೇರಿಯ ಬಾಗಿಲ ಪಕ್ಕ ನಿಂತಿದ್ದವಳು ನಾನು. ಕನ್ನಡದಲ್ಲಿ ಎಂ.ಎ. ಮಾಡಿದ್ದೇನೆ, ಆದರೆ ದೊಡ್ಡ ಮೇಜಿನ ಎದುರು ನಿಂತರೆ ನನಗೆ ಯಾವ ಭಾಷೆಯೂ ಬರುವುದಿಲ್ಲ. ಅಲ್ಲಿ ಆಡದೆ ಉಳಿದ ಮಾತನ್ನು ನಾಲ್ಕು ಜನ ಓದುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಬೈಕು ಹಂಚಿದ ದಿನ ನಿಮಗೆ ನೆನಪಿರಬಹುದು. ಪೆಂಡಾಲು ಹಾಕಿಸಿದ್ದಿರಿ. ಬೈಕುಗಳ ಕೊರಳಿಗೆ ಚೆಂಡುಹೂವಿನ ಮಾಲೆ ಇತ್ತು. “ಹೊಗೆ ಇಲ್ಲ, ಸದ್ದಿಲ್ಲ, ಪೆಟ್ರೋಲಿನ ಖರ್ಚಿಲ್ಲ” ಎಂದು ಭಾಷಣ ಮಾಡಿದಿರಿ. ಮಳೆಯಲ್ಲಿ ಓಟವೂ ಇಲ್ಲ ಎಂಬುದನ್ನು ಹೇಳಲು ಬಹುಶಃ ಸಮಯ ಸಾಲಲಿಲ್ಲ. ಹಳೆಯ ಗಾಡಿ ಒಪ್ಪಿಸಿದವರಿಗೆ ಮಾತ್ರ ಹೊಸದು ಎಂಬ ನಿಮ್ಮ ನಿಯಮದಂತೆ ಅಬ್ಬಾ ತಮ್ಮ ಮೊಪೆಡ್ ತಂದು ಒಪ್ಪಿಸಿದರು. ಅದು ಗುಜರಿಗೆ ಹೋಯಿತು. ಮಳೆ ಬಂದರೆ ಕೆಮ್ಮುತ್ತಿದ್ದ ಗಾಡಿ ಅದು, ನಿಲ್ಲುತ್ತಿರಲಿಲ್ಲ.

ಕೀಲಿ ಕೈಗಿಟ್ಟ ನಿಮ್ಮ ಸಿಬ್ಬಂದಿ ಹೇಳಿದ ಬುದ್ಧಿಮಾತು ಒಂದೇ: “ಬ್ಯಾಟರಿ ಯಾವಾಗ್ಲೂ ತಂಪಿರಬೇಕ್ ನೋಡ್ರಿ ಕಾಕಾ. ಕಾದ್ರ ಮುಗೀತು.”

“ತಂಪ ಇಡೂದು ನಮಗ ಹೇಳಿಕೊಡಬೇಕೇನ್ರಿ? ನಮ್ಮ ಕಸಬ ಅದ ಐತಿ,” ಎಂದು ಅಬ್ಬಾ ನಕ್ಕರು. ಆತನೂ ನಕ್ಕ. ಇಬ್ಬರೂ ಒಂದೇ ಮಾತಿಗೆ ನಗುತ್ತಿದ್ದಾರೆ ಎಂದು ನಾನೂ ತಿಳಿದೆ.

ಎಲೆ ವ್ಯಾಪಾರದವರಿಗೆ ತಂಪಾಗಿಡುವ ಬಗೆ ಗೊತ್ತಿರುವುದು ಒಂದೇ. ತೋಟದಿಂದ ಬಂದ ಎಲೆಯನ್ನು ಬುಟ್ಟಿಯಲ್ಲಿ ಜೋಡಿಸಿ, ನೀರಲ್ಲಿ ಅದ್ದಿ ಹಿಂಡಿದ ಗೋಣಿತಟ್ಟು ಹೊದಿಸಿ, ಅದು ಒಣಗುವ ಮುನ್ನ ಮತ್ತೆ ನೀರು ಚಿಮುಕಿಸಬೇಕು. ಬೇಸಿಗೆಯುದ್ದಕ್ಕೂ ಅಬ್ಬಾ ಬೈಕಿಗೂ ಹಾಗೇ ಮಾಡಿದರು. ಬೆಳಿಗ್ಗೆ ಎದ್ದು ಎಲೆಗೊಂದು ಗೋಣಿ, ಬ್ಯಾಟರಿ ಪೆಟ್ಟಿಗೆಗೊಂದು ಗೋಣಿ. ಇದು ತಪ್ಪು, ಒಪ್ಪುತ್ತೇನೆ. ಆದರೆ ಹೊಟ್ಟೆಗೆ ಅನ್ನ ಕೊಡುವ ಎಲೆಯಷ್ಟೇ ಜೋಪಾನವಾಗಿ ಒಂದು ಯಂತ್ರವನ್ನು ನೋಡಿಕೊಂಡಿದ್ದಕ್ಕೆ ದುರ್ಬಳಕೆ ಎನ್ನುವುದನ್ನು ನಾನು ಯಾವ ನಿಘಂಟಿನಲ್ಲೂ ಕಂಡಿಲ್ಲ.

ಮೃಗಶಿರಾ ಮಳೆ ಹಿಡಿದ ದಿನ ದುಂಡಸಿಯ ಶಂಭುಲಿಂಗ ಅವರ ಮಗಳು ಶೈಲಶ್ರೀಯ ನಿಶ್ಚಿತಾರ್ಥವಿತ್ತು. ಹಿರಿಯರು ಎಲೆ ಅಡಿಕೆ ಬದಲಿಸಿಕೊಳ್ಳದೆ ಅಲ್ಲಿ ಮಾತು ಗಟ್ಟಿಯಾಗುವುದಿಲ್ಲ. ಆ ಮನೆಯ ಶುಭಕಾರ್ಯಕ್ಕೆ ನಮ್ಮ ಅಜ್ಜನ ಕಾಲದಿಂದಲೂ ನಮ್ಮ ಬುಟ್ಟಿಯ ಎಲೆಯೇ ಹೋಗಬೇಕು. ಬುಟ್ಟಿ ದೊಡ್ಡದಾದ್ದರಿಂದ ಹಿಡಿದುಕೊಳ್ಳಲು ನಾನೂ ಹಿಂದೆ ಕುಳಿತೆ. ಶಿಗ್ಗಾವಿ ದಾಟುತ್ತಲೇ ಮಳೆ ಜೋರಾಯಿತು. ಅಬ್ಬಾ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿ, ತಮ್ಮ ತಲೆಯ ಮೇಲಿದ್ದ ಗೊಬ್ಬರ ಚೀಲದ ಕೊಪ್ಪೆಯನ್ನು ತೆಗೆದು ಬ್ಯಾಟರಿ ಪೆಟ್ಟಿಗೆಗೆ ಕಟ್ಟತೊಡಗಿದರು.

ಅಂಗಡಿಯ ಮಾರೆಪ್ಪ ಒಲೆಯ ಹಿಂದಿನಿಂದಲೇ ಕೂಗಿದ: “ಕಾಕಾ, ತಲೀಮ್ಯಾಲಿಂದು ತಗದು ಗಾಡಿಗ್ಯಾಕ ಹೊಚ್ಚತೀರಿ? ಅದಕ್ಕೇನ ನೆಗಡಿ ಆಕ್ಕತೇನು?”

“ನನ್ನ ತಲೀ ತೊಯ್ದರ ಒರಸಿಕೊಂಡರ ಆತಪ್ಪ. ಇದರದು ತೊಯ್ದರ ಯಾರ ಒರಸವರು?”

ಇನ್ನೂ ಅರ್ಧ ದಾರಿ ಇರುವಾಗಲೇ ಮೀಟರಿನ ದೀಪ ಎರಡು ಸಲ ಮಿಣುಕಿ ಆರಿಹೋಯಿತು. ನಿಮ್ಮ ಬೈಕು ಓಡುವಾಗ ಎಷ್ಟು ಹಗುರವೋ ತಳ್ಳುವಾಗ ಅಷ್ಟೇ ಭಾರ. ಇದನ್ನೂ ಭಾಷಣದಲ್ಲಿ ಸೇರಿಸಿಕೊಳ್ಳಬಹುದು. ಅಬ್ಬಾ ಹ್ಯಾಂಡಲ್ ಹಿಡಿದು ಎಳೆದರು, ನಾನು ಹಿಂದಿನಿಂದ ನೂಕಿದೆ. ದುಂಡಸಿ ಮುಟ್ಟುವಷ್ಟರಲ್ಲಿ ಪಂಕ್ತಿಯ ಎಲೆಗಳನ್ನು ಎತ್ತುತ್ತಿದ್ದರು. ಮನೆಯ ಹಿರಿಯಜ್ಜಿ ಶಿವಬಸವ್ವ ಕಟ್ಟೆಗೆ ಬಂದರು.

“ಖಲಂದರಣ್ಣಾ, ದಾರಿ ನೋಡಿ ನೋಡಿ ಸಾಕಾತು. ಬೀಗರು ಗಡಿಬಿಡಿ ಮಾಡಿದ್ರು. ಶಿಗ್ಗಾವಿ ಎಲಿ ತರಿಸಿ ಶಾಸ್ತ್ರ ಮುಗಿಸಿದ್ವಿ. ಏನೂ ತಿಳಕೋಬ್ಯಾಡ್ರಿ, ಕುಂದರ್ರಿ, ಉಂಡ ಹೋಗ್ರಿ.”

ನಾವು ಉಂಡೆವು. ಬುಟ್ಟಿಯಲ್ಲಿದ್ದ ಎಲೆ ಮಳೆಯಲ್ಲಿ ತೊಯ್ದು ಎಂದಿಗಿಂತ ಹಸಿರಾಗಿತ್ತು. ಮುಂದೆ ಮದುವೆಯ ಎಲೆಗೂ ಅವರು ಶಿಗ್ಗಾವಿಗೇ ಹೇಳಿದರು. ಮಳೆಗಾಲದ ಮದುವೆ, ಈ ಗಾಡಿಯನ್ನು ನಂಬಿ ಹೇಗೆ ಕೂರುವುದು ಎಂಬ ಅವರ ಮಾತಿನಲ್ಲಿ ತಪ್ಪೇನಿದೆ? ಅಂದಿನಿಂದ ಹುಲಗೂರಿನ ಎರಡು ಮನೆಗಳೂ ನಮ್ಮ ಕೈಬಿಟ್ಟವು. ನೀರು ಸೋರುವ ಬುಟ್ಟಿಯನ್ನು ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ. ಮೊಪೆಡ್ ಇಲ್ಲ, ಬೈಕು ನಡೆಯುವುದಿಲ್ಲ. ಅಜ್ಜ ನಡೆದು ಗಳಿಸಿದ ಮನೆಗಳನ್ನು ಅಬ್ಬಾ ಕೂತಲ್ಲೇ ಕಳೆದುಕೊಳ್ಳುತ್ತಿದ್ದಾರೆ.

ಇನ್ನು ನಿಮ್ಮ ಕಚೇರಿಯ ಮಾತು. ಮೆಕ್ಯಾನಿಕ್ ಪೆಟ್ಟಿಗೆ ತೆರೆದು, ಒಳಗೆ ನೀರು ಕಂಡು, ಹೇಗೆ ಬಂತು ಎಂದು ಕೇಳಿದ. ಅಬ್ಬಾ ಹೇಳಿದರು: “ಮಳೀದ ಇರಬೇಕ್ರಿ. ನಾ ಅಂತೂ ಛಲೋ ಜ್ವಾಕಿ ಮಾಡೇನ್ರಿ. ತಂಪ ಇಡ್ರಿ ಅಂದಿದ್ರಲ್ರಿ, ಬ್ಯಾಸಿಗಿ ತುಂಬ ಒಂದ ದಿನಾನೂ ತಪ್ಪಿಸಿಲ್ಲ, ಹಸಿ ಗೋಣಿ ಹೊಚ್ಚೇನಿ.”

ಮೆಚ್ಚುಗೆಗಾಗಿ ಕಾಯುವವರಂತೆ ನಿಂತಿದ್ದರು. ಕಚೇರಿ ನಕ್ಕಿತು. ನೀವು ಕುರ್ಚಿಗೊರಗಿ, ನಿಮಗಿಂತ ಹಿರಿಯರಾದ ಅವರಿಗೆ ಹೇಳಿದಿರಿ: “ಗೋಣಿ ಹೊಚ್ಚಿದಿ, ಸುಣ್ಣ ಅಡಿಕಿ ಹಾಕೂದ ಮರತೇನೋ?”

ಅಬ್ಬಾ ಕೂಡ ನಕ್ಕರು. ಸಾಹೇಬರು ಸಲಿಗೆಯಿಂದ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡಿದ್ದರು. ಷರಾ ಓದಿ ಹೇಳಿದ ಮೇಲೆ ನಗು ನಿಂತಿತು, ಅವರದು ಮಾತ್ರ.

ಮಳೆಯ ನೀರು ಹೊಕ್ಕರೆ ರಿಪೇರಿ ಉಂಟು, ಬಳಸುವವನು ಹಾಕಿದ ನೀರಾದರೆ ಇಲ್ಲ ಎಂಬುದು ನಿಮ್ಮ ನಿಯಮ. ಸರಿ. ಹಾಗಾದರೆ ಹನಿಯನ್ನು ನೋಡಿ ಅದರ ತವರು ಹೇಳುವ ವಿದ್ಯೆ ನಿಮ್ಮಲ್ಲಿ ಯಾರಿಗಿದೆ? ಗೋಣಿಯ ನೀರು ಗಾಡಿಯನ್ನು ಕೊಲ್ಲುವಂತಿದ್ದರೆ ಬೇಸಿಗೆಯಲ್ಲೇ ಕೊಲ್ಲಬೇಕಿತ್ತಲ್ಲವೇ? ದಿನವೂ ಹಸಿ ಗೋಣಿ ಹೊದ್ದು ಓಡಿದ ಬೈಕು, ಹಸಿ ಗೋಣಿಯಿಲ್ಲದ ದಿನ, ಮಳೆಯಲ್ಲಿ ಏಕೆ ಸತ್ತಿತು? ಇದನ್ನು ಕೇಳಲು ತಂತ್ರಜ್ಞಾನ ಬೇಡ. ನಗುವುದನ್ನು ಒಂದು ಗಳಿಗೆ ನಿಲ್ಲಿಸಿದರೆ ಸಾಕಿತ್ತು.

ಬೈಕು ಕೊಡುವಾಗ ಅಬ್ಬಾ ಏನು ಮಾರುತ್ತಾರೆಂದು ನಿಮಗೆ ಗೊತ್ತಿತ್ತು. ಎಲೆ ವ್ಯಾಪಾರಿ ಎಂದೇ ಹೆಸರು ಕೂಗಿ ವೇದಿಕೆಗೆ ಕರೆದಿರಿ. ಅವರು ತಂದಿದ್ದ ಎಲೆಯನ್ನು ಮೆದ್ದಿರಿ ಕೂಡ. ಹಾನಗಲ್ಲಿನಲ್ಲಿ ಮೀನು ಮಾರುವವರ ಪೆಟ್ಟಿಗೆಯಿಂದ ಮಂಜುಗಡ್ಡೆ ಕರಗಿ ಸುರಿಯುತ್ತದೆ. ಹಿರೇಕೆರೂರಿನ ಹೂವಿನವರು ಹಸಿ ಬಟ್ಟೆಯಿಲ್ಲದೆ ಮನೆಯಿಂದ ಹೊರಡುವುದಿಲ್ಲ. ಸೊಪ್ಪಿನವರ ಕೈ ಎಂದಾದರೂ ಒಣಗಿದ್ದನ್ನು ನೀವು ಕಂಡಿದ್ದೀರಾ? ನಮ್ಮ ಕಡೆಯ ಸಣ್ಣ ವ್ಯಾಪಾರವೆಂದರೆ ಹಸಿ ವ್ಯಾಪಾರ. ಅದಕ್ಕೆ ನೀರೆಂದರೆ ಬೆಚ್ಚುವ ಗಾಡಿಯನ್ನು ಹುಡುಕಿ ತಂದವರು ನೀವು. ದುರ್ಬಳಕೆ ಎಂಬ ಪದ ನಿಮ್ಮ ಮೇಜಿನ ಯಾವ ಬದಿಯಲ್ಲಿರಬೇಕು ಎಂಬುದನ್ನು ನೀವೇ ಯೋಚಿಸಿ.

ನಾನು ಕೇಳುವುದು ದೊಡ್ಡದೇನಲ್ಲ. ಆ ಷರಾವನ್ನು ಹೊಡೆದುಹಾಕಿ. ಬೈಕನ್ನು ಮಳೆ ತಾಳುವಂತೆ ಮಾಡಿ ಕೊಡಿ, ಇಲ್ಲವೇ ಗುಜರಿಗೆ ಹಾಕಿದ ಮೊಪೆಡ್‌ಗೆ ಬದಲಾಗಿ ಓಡುವಂಥದ್ದೊಂದನ್ನು ಕೊಡಿ. ಶ್ರಾವಣ ಬರುತ್ತಿದೆ. ಎಲೆ ಕೇಳುವ ಮನೆಗಳು ಇನ್ನೂ ಕೆಲವು ಉಳಿದಿವೆ.

ಈ ಪತ್ರ ಬರೆಯುತ್ತಿದ್ದೇನೆ ಎಂದಾಗ ಅಬ್ಬಾ ನಿಮ್ಮ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಮನೆಯಲ್ಲಿ ನಾವಾಡುವುದು ಉರ್ದು. ಆದರೆ ನಿಮಗೆ ಸರಿಯಾಗಿ ತಿಳಿಯಲೆಂದು ಒಂದು ಪ್ರಶ್ನೆಯನ್ನು ಅವರು ಕನ್ನಡದಲ್ಲೇ ಹೇಳಿ ಬರೆಸಿದರು: “ಸಾಹೇಬ್ರ, ಗಾಡಿ ಅಂಗಳದಾಗ ಹಂಗ ನಿಂತೈತ್ರಿ. ಒಣಾ ಗೋಣಿ ಹೊಚ್ಚಬಹುದೇನ್ರಿ?”

ಉತ್ತರ ಕೊಡಿ. ಈ ಸಲ ನಗದೆ.

ಇಂತಿ,
ಅಂದು ನಿಮ್ಮ ಬಾಗಿಲಲ್ಲಿ ಸುಮ್ಮನೆ ನಿಂತಿದ್ದ,
ಗುಲ್ನಾಜ, ಎಲೆ ಖಲಂದರ ಅವರ ಮಗಳು
ಸವಣೂರು